ಅಮ್ಮನಿಗೊಂದು ಸದ್ದಿಲ್ಲದ ಕ್ಯಾಬಿನ್

ಫೆಬ್ರವರಿ ೮

ಪ್ರೀತಿಯ ಮಾವ,

ಫೋನ್ ಮಾಡಿದರೆ ನಾನು ಕೇಳಿದ್ದು ಏನೇ ಇರಲಿ, ನೀವು "ಹಾಂ ಹಾಂ, ಊಟ ಆಯ್ತು" ಎನ್ನುತ್ತೀರಿ. ಅದಕ್ಕೇ ಈ ಕಾಗದ. ಅತ್ತೆಗೂ ಓದಿ ಹೇಳಿ.

ಅಪ್ಪ ಹೋದಾಗಿನಿಂದ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲವೆಂಬುದು ನಿಮಗೆ ಗೊತ್ತು. ಈಗ ಅದು ಕೈಮೀರಿದೆ. ಒಲೆ ಹಚ್ಚಿ ಖಾಲಿ ಪಾತ್ರೆ ಇಟ್ಟು ಮರೆಯುತ್ತಾಳೆ. ಮೊನ್ನೆ ಮೆಟ್ಟಿಲ ಮೇಲೆ ಕೂತಲ್ಲೇ ತೂಕಡಿಸಿ ಮುಗ್ಗರಿಸಿದಳು. ಡಾಕ್ಟರು ಹೇಳಿದ್ದಿಷ್ಟು: "ಒಂದು ವಾರ ಎಲ್ಲಾದ್ರೂ ಗಲಾಟೆ ಇಲ್ಲದ ಕಡೆ ಕರಕೊಂಡು ಹೋಗಿ. ಅಲ್ಲೂ ನಿದ್ದೆ ಬರಲಿಲ್ಲ ಅಂದ್ರೆ ಗುಳಿಗೆ ಶುರು ಮಾಡೋಣ." ಅದು ಯಾವ ಗುಳಿಗೆ ಗೊತ್ತೇ ಮಾವ, ಅಪ್ಪನ ಅಕ್ಕ ತೆಗೆದುಕೊಳ್ಳುತ್ತಿರುವುದೇ. ಅವರು ಈಗ ಇಡೀ ದಿನ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಾರೆ. ನಾನು ಹೋದರೆ ಯಾರು ಬಂದದ್ದು ಎಂದು ನನ್ನನ್ನೇ ಕೇಳುತ್ತಾರೆ. ಅಮ್ಮನನ್ನು ಆ ಕುರ್ಚಿಯಲ್ಲಿ ನೆನೆಸಿಕೊಳ್ಳಲೂ ನನ್ನಿಂದಾಗದು.

ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಅಮ್ಮ ನಗುತ್ತಾ, "ಹಡಗಲ್ಲಿ ಒಂದ್ಸಲ ಮಲಗಿ ಏಳಬೇಕು ಅಂತ ಆಸೆ ಇತ್ತು" ಎಂದಳು. ಆ ಮಾತನ್ನೇ ಹಿಡಿದುಕೊಂಡೆ. ದ್ವೀಪಗಳನ್ನು ಸುತ್ತಿಸಿ ಕರೆತರುವ ಒಂದು ಸಣ್ಣ ಪ್ರವಾಸಿ ಹಡಗಿದೆ. ಕೆಳ ಅಂತಸ್ತಿನಲ್ಲಿ ಕ್ಯಾಬಿನ್‌ಗಳು ಇನ್ನೂ ಉಳಿದಿವೆ, ಒಂದನ್ನು ಆರಿಸಬೇಕು. ಟಿಕೆಟ್ ಕೌಂಟರಿನವಳು "ಎಲ್ಲಾನೂ ಶಾಂತವಾಗೇ ಇರುತ್ತೆ ಮೇಡಂ" ಎಂದಳು. ಕೇಳಿದವರಿಗೆಲ್ಲ ಹಾಗೇ ಹೇಳುವಳೇನೋ. ಗೋಡೆಯ ಮೇಲಿದ್ದ ನಕ್ಷೆ ನೋಡಿ ಬರೆದುಕೊಂಡು ಬಂದಿದ್ದೇನೆ, ಇದರೊಳಗಿದೆ. ಎರಡು ಸಾಲು ಕ್ಯಾಬಿನ್, ನಡುವೆ ಓಣಿ, ಒಂದು ತುದಿಯಲ್ಲಿ ಹತ್ತುವ ಬಾಗಿಲು, ಮಧ್ಯದಲ್ಲಿ ಮೆಟ್ಟಿಲು, ಅದರಾಚೆ ಅಡುಗೆಮನೆ.

ನಮ್ಮ ಪೈಕಿ ನೀರಿನ ಮೇಲೆ ದುಡಿದವರು ನೀವೊಬ್ಬರೇ. ಯಾವ ಕ್ಯಾಬಿನ್ನಿನಲ್ಲಿ ಸದ್ದಿಲ್ಲ, ಹೇಳಿ.

ನಿಮ್ಮ ಗುಬ್ಬಿ


ಫೆಬ್ರವರಿ ೧೩

ಗುಬ್ಬಿಗೆ ಮಾವ ಬರೆಯುವುದು,

ಇಲ್ಲಿ ಎಲ್ಲವೂ ನೆಟ್ಟಗಿದೆ, ನನ್ನ ಕಿವಿಗಳನ್ನು ಬಿಟ್ಟು. ಅವನ್ನು ಲಾಂಚಿನ ಇಂಜಿನ್ನಿಗೆ ಎಂದೋ ದಾನ ಕೊಟ್ಟಾಗಿದೆ. ಕೊಟ್ಟದ್ದನ್ನು ವಾಪಸ್ ಕೇಳುವ ಜಾಯಮಾನ ನನ್ನದಲ್ಲ. ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. "ಸದ್ದಿಲ್ಲದ ಜಾಗ ಯಾವುದು ಅಂತ ಕಿವುಡನ್ನ ಕೇಳಿದಾಳೆ. ಭಲೇ ಜಾಣೆ" ಎಂದಳು. ಹೊಟ್ಟೆಕಿಚ್ಚು, ಬೇರೇನಲ್ಲ. ಅವಳನ್ನು ಯಾರೂ ಹಡಗಿನ ವಿಷಯ ಕೇಳುವುದಿಲ್ಲವಲ್ಲ.

ಸದ್ದನ್ನು ಕಿವಿಯಿಂದ ಅಳೆಯುವವರು ದಡದ ಮೇಲಿನವರು. ನೀರಿನವರು ಅಂಗಾಲಿನಿಂದ ಅಳೆಯುತ್ತೇವೆ. ಮೀಸೆ ಮೂಡಿದಾಗಿನಿಂದ ಮೀಸೆ ಬೆಳ್ಳಗಾಗುವವರೆಗೆ ಆ ಲಾಂಚಿನ ಮೇಲೆ ನಿಂತವನು ನಾನು. ಜನ, ಬಸ್ಸು, ಎಮ್ಮೆ, ಮದುವೆ ದಿಬ್ಬಣ, ಒಮ್ಮೆ ಒಂದು ಇಡೀ ಸರ್ಕಸ್ಸು, ಎಲ್ಲವನ್ನೂ ನದಿ ದಾಟಿಸಿದ್ದೇನೆ. ಸಮುದ್ರವೆಂದರೇನು, ಆಚೆ ದಡ ಕಾಣದ ನದಿ, ಅಷ್ಟೆ. ನೆರೆ ಬಂದ ವರ್ಷ ಒಂದೇ ಹಗ್ಗದಲ್ಲಿ ಲಾಂಚನ್ನು ಹಿಡಿದು ನಿಲ್ಲಿಸಿದ್ದು ಯಾರೆಂದು ಅಕ್ಕನನ್ನು ಕೇಳು. ("ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿತ್ತು ಅಂತಾನೂ ಬರೀರಿ" ಎಂದು ಅತ್ತೆ ಹೇಳುತ್ತಿದ್ದಾಳೆ. ಬರೆದಿದ್ದೇನೆ.)

ಈಗ ಕೇಳು. ಮೆಟ್ಟಿಲ ಪಕ್ಕದ್ದು ಬೇಡ. ಪ್ರವಾಸಕ್ಕೆ ಬಂದವರು ಮೆಟ್ಟಿಲು ಹತ್ತುವುದಿಲ್ಲ, ಜಜ್ಜುತ್ತಾರೆ. ಅಡುಗೆಮನೆಯ ಪಕ್ಕದ್ದು ಬೇಡ. ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಪಾತ್ರೆಗಳು ಜಗಳಕ್ಕೆ ನಿಲ್ಲುತ್ತವೆ. ನೆತ್ತಿಯ ಮೇಲೆ ಊಟದ ಕೋಣೆ ಇರುವುದೂ ಬೇಡ, ಕುರ್ಚಿ ಎಳೆಯುತ್ತಾರೆ. ಎಲ್ಲಕ್ಕಿಂತ ದೊಡ್ಡ ವೈರಿ ಇಂಜಿನ್ನು. ನಮ್ಮ ಲಾಂಚಿನಲ್ಲಿ ಅದು ನಟ್ಟನಡುವೆ ಕೂತಿತ್ತು, ಹಡಗಿನಲ್ಲಿ ಹಿಂದುಗಡೆ ಇರುತ್ತದೆ. ಹಾಗಾದರೆ ನಾವು ಎಲ್ಲಿಗೆ ಹೋಗಬೇಕು? ಮುಂದುಗಡೆಗೆ. ನಿನ್ನ ನಕ್ಷೆಯಲ್ಲಿ ಹತ್ತುವ ಬಾಗಿಲಿರುವ ತುದಿಯೇ ಮುಂದುಗಡೆ. ಆ ತುದಿಯಿಂದ ನಾಲ್ಕನೆಯದನ್ನು ಹಿಡಿ. ಮೆಟ್ಟಿಲಿಗೂ ದೂರ, ಅಡುಗೆಗೂ ದೂರ, ಇಂಜಿನ್ನಿಗಂತೂ ಬಲು ದೂರ. ಅಲ್ಲಿ ಸೂಜಿ ಬಿದ್ದರೂ ಅಕ್ಕ "ಯಾರು?" ಅನ್ನಬೇಕು, ಅಷ್ಟು ನಿಶ್ಶಬ್ದ.

ಕಣ್ಣು ಮುಚ್ಚಿ ತಗೋ. ಅಕ್ಕನಿಗೆ ಗುಳಿಗೆಯೂ ಬೇಡ, ಏನೂ ಬೇಡ. ಅವಳು ಮಲಗಿ ಎದ್ದ ಮೇಲೆ ಯಾರಿಂದ ಅಂತ ಮಾತ್ರ ಮರೆಯದೆ ಹೇಳು.

ನಿನ್ನ ಮಾವ


ಫೆಬ್ರವರಿ ೧೯

ಪ್ರೀತಿಯ ಮಾವ,

ನಾಲ್ಕನೇ ನಂಬರನ್ನೇ ಬುಕ್ ಮಾಡಿದೆ. ಎರಡು ಮಂಚ, ಒಂದು ದುಂಡು ಕಿಟಕಿ. ಬರುವ ತಿಂಗಳ ಎರಡನೇ ತಾರೀಕು ಹೊರಡುತ್ತದೆ. ನೀವು ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿದೆ.

ಉಳಿದರ್ಧ ಇಳಿಯುತ್ತಿಲ್ಲ. ಹಡಗು ಹತ್ತುವವರೆಗೂ ಸುಮ್ಮನಿರುವುದು ಹೇಗೆಂದು ಮನೆಯಲ್ಲೇ ಒಂದೊಂದಾಗಿ ಸದ್ದು ಕಡಿಮೆ ಮಾಡುತ್ತಿದ್ದೇನೆ. ಗೋಡೆ ಗಡಿಯಾರದ ಬ್ಯಾಟರಿ ತೆಗೆದೆ. ಫ್ರಿಜ್ಜನ್ನು ಹೊರಗಿನ ಕೋಣೆಗೆ ಸಾಗಿಸಿದೆ. ಅಮ್ಮನ ಕೋಣೆಯ ಬಾಗಿಲಿಗೆ ಎಣ್ಣೆ ಬಿಟ್ಟೆ. ಚಪ್ಪಲಿ ಬಿಟ್ಟು ಕಾಲುಚೀಲದಲ್ಲಿ ಓಡಾಡುತ್ತೇನೆ. ಆದರೂ ರಾತ್ರಿ ನಾನು ಬಾಗಿಲು ತೆಗೆದು ನೋಡಿದಾಗಲೆಲ್ಲ ಅವಳಿಗೆ ಎಚ್ಚರವೇ. ಕಣ್ಣು ಮುಚ್ಚಿಕೊಂಡಿರುತ್ತಾಳೆ, ಉಸಿರಿನಲ್ಲೇ ಗೊತ್ತಾಗುತ್ತದೆ. "ಏನು ಸದ್ದಾಯ್ತಮ್ಮ?" ಎಂದರೆ, "ಏನಿಲ್ಲ ಪುಟ್ಟಿ, ನೀನು ಹೋಗಿ ಮಲಕ್ಕೋ" ಎನ್ನುತ್ತಾಳೆ. ಏನು ಕೇಳಿಸುತ್ತಿದೆ ಅವಳಿಗೆ?

ಕನ್ನಡಕದಂಗಡಿಯಲ್ಲಿ ಮೊನ್ನೆ ಒಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಕೂರಿಸಿ ಕೊಟ್ಟೆ. ಅವರು ಹಾಕಿಕೊಂಡು ನೇರ ಹೋಗಿ ಬಾಗಿಲ ಚೌಕಟ್ಟಿಗೆ ಗುದ್ದಿಕೊಂಡರು. ಯಜಮಾನರು ಮೊದಲ ಸಲ ನಕ್ಕರು. ಈ ವಾರ ಇನ್ನೊಬ್ಬರಿಗೆ ಹಾಗೇ ಮಾಡಿದಾಗ ನಗಲಿಲ್ಲ.

ಆ ಕ್ಯಾಬಿನ್ ನಿಜವಾಗಿ ನಿಶ್ಶಬ್ದ ತಾನೇ? ನೀವು ತಮಾಷೆಗೆ ಬರೆದದ್ದಲ್ಲವಲ್ಲ?

ಗುಬ್ಬಿ


ಫೆಬ್ರವರಿ ೨೭

ಗುಬ್ಬಿ,

ಈ ಕಾಗದ ನಿನ್ನ ಕೈಸೇರಿದ ಕೂಡಲೇ, ಕೈಯಲ್ಲಿರುವ ಕೆಲಸ ಬಿಟ್ಟು ಟಿಕೆಟ್ ಕೌಂಟರಿಗೆ ಹೋಗು. ನಾಲ್ಕು ಬೇಡ ಅನ್ನು. ಆಚೆ ತುದಿಯದ್ದು ಕೇಳು. ಮಧ್ಯದ್ದಾದರೂ ಸರಿ.

ಕಾರಣ ದೊಡ್ಡದಲ್ಲ. ನಿನ್ನ ನಕ್ಷೆಯನ್ನು ನಾನು ಕನ್ನಡಿಯ ಪಕ್ಕ ಅಂಟಿಸಿದ್ದೆ, ಬಂದವರಿಗೆ ತೋರಿಸಲು. ಬೆಳಿಗ್ಗೆ ಅತ್ತೆ ತಲೆ ಬಾಚುತ್ತಾ ಅದನ್ನೇ ನೋಡುತ್ತಿದ್ದವಳು, "ಅಲ್ರೀ, ಈ ಹಡಗಿನ ಮುಂದುಗಡೆ ಯಾವುದು?" ಎಂದಳು.

"ಹತ್ತೋ ಬಾಗಿಲಿರೋದು. ಇನ್ಯಾವುದು?"

"ಹಾಗಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ಅಷ್ಟು ವರ್ಷ ಲಾಂಚಲ್ಲಿ ಏನು ನಾನು ಕಡ್ಲೆಕಾಯಿ ತಿಂತಿದ್ನಾ?"

"ನಿಮ್ಮ ಲಾಂಚಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಹೋಗುವಾಗ ಆ ಬಾಗಿಲು ಮುಂದೆ, ಬರುವಾಗ ಈ ಬಾಗಿಲು ಮುಂದೆ. ಅದು ಜನ್ಮದಲ್ಲಿ ಒಂದ್ಸಲ ತಿರುಗಿದ್ದಿಲ್ಲ. ಹಡಗಿಗೆ ಮೂತಿ ಬೇರೆ, ಬಾಲ ಬೇರೆ. ಜನರನ್ನ ಬಾಲದ ಕಡೆಯಿಂದ ಹತ್ತಿಸ್ಕೊಂಡ್ರೆ ಏನು ಮಾಡ್ತೀರಿ?"

ಅವಳು ಫೋನ್ ಎತ್ತಿ ನೀನು ಹೇಳಿದ ಹಡಗಿನ ಕಚೇರಿಗೆ ಕೇಳಿದಳು. ಬಾಲದ ಕಡೆಯಿಂದಲೇ ಹತ್ತಿಸುತ್ತಾರಂತೆ. ಅಂದರೆ ನಾಲ್ಕನೇ ನಂಬರು ಇಂಜಿನ್ನಿನ ನೆತ್ತಿಯ ಮೇಲಿದೆ.

"ಹುಡುಗಿಗೂ ಈಗ್ಲೇ ಫೋನ್ ಮಾಡ್ತೀನಿ" ಎಂದಳು. ಬೇಡ ಎಂದೆ. ನಾನು ಹೇಳಿದ ಮಾತು, ನಾನೇ ತಿದ್ದುತ್ತೇನೆ. ಇನ್ನೊಬ್ಬರ ಬಾಯಿಂದ ಅಲ್ಲ. ಇವತ್ತಿನ ಟಪಾಲಿಗೇ ಹಾಕುತ್ತಿದ್ದೇನೆ. ಹೊರಡುವ ಮೊದಲು ಸಿಗುತ್ತದೆ. ಸಿಗದೆ ಏನು.

ಅಕ್ಕನಿಗೆ ಈ ವಿಷಯ ಹೇಳಬೇಡ. ಚಿಕ್ಕಂದಿನಿಂದಲೂ ನಾನು ಹೇಳಿದ್ದನ್ನೆಲ್ಲ ನಂಬಿದವಳು ಅವಳೊಬ್ಬಳೇ.

ಮಾವ


ಮಾರ್ಚ್ ೪

ಮಾವ,

ಮೊದಲ ದ್ವೀಪದಲ್ಲಿ ಹಡಗು ನಿಂತಿದೆ. ದಡದಲ್ಲಿ ಒಂದು ಅಂಚೆ ಡಬ್ಬಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನು ಇಲ್ಲಿ ಸತ್ತಿದೆ. ಒಳ್ಳೆಯದೇ ಆಯಿತು, ಫೋನಿನಲ್ಲಾದರೆ ಏನೇನು ಅನ್ನುತ್ತಿದ್ದೆನೋ.

ಸೂಜಿ ಬಿದ್ದರೂ ಕೇಳಿಸುತ್ತದೆ ಎಂದಿರಿ. ಇಲ್ಲಿ ಗುಂಡುಕಲ್ಲು ಬಿದ್ದರೂ ಕೇಳಿಸುವುದಿಲ್ಲ. ಮಂಚದ ಕೆಳಗೇ ಇಂಜಿನ್ನು. ಲೋಟದಲ್ಲಿಟ್ಟ ನೀರು ಇಡೀ ದಿನ ನಡುಗುತ್ತದೆ. ಗೋಡೆಗೆ ಕೈಯಿಟ್ಟರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಹತ್ತಿದ ಗಳಿಗೆಯಲ್ಲೇ ನನಗೆ ಗೊತ್ತಾಯಿತು, ಅಮ್ಮನ ಮುಖ ನೋಡಲಾಗಲಿಲ್ಲ. ಅವಳು ಮಂಚದ ಮೇಲೆ ಕೂತು, "ನಿಮ್ಮ ಮಾವ ಆರಿಸಿದ್ದಾ? ಅವನ ಥರಾನೇ ಇದೆ, ಬಾಯಿ ಮುಚ್ಚಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ರಾತ್ರಿಯೂ ಅವಳು ಕಣ್ಣು ಮುಚ್ಚಿಲ್ಲ. ಈ ಗದ್ದಲದಲ್ಲಿ ಅವಳ ಉಸಿರು ಕೇಳಿಸುವುದಿಲ್ಲ; ಆಗಾಗ ಎದ್ದು ಟಾರ್ಚು ಹಿಡಿದು ಮುಖದ ಹತ್ತಿರ ಬಗ್ಗಿ ನೋಡಬೇಕು. ನೋಡಿದರೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ. ಇವತ್ತು ಊಟದ ಮೇಜಿನಲ್ಲಿ ಚಮಚ ಕೈಯಲ್ಲೇ ಹಿಡಿದು ಎಲ್ಲೋ ನೋಡುತ್ತಾ ಉಳಿದುಬಿಟ್ಟಳು. ಥೇಟ್ ಅಪ್ಪನ ಅಕ್ಕನ ಹಾಗೆ. ನಾನು ಎದ್ದು ಹೊರಗೆ ಹೋಗಿ ಕಂಬಿ ಹಿಡಿದು ನಿಂತುಬಿಟ್ಟೆ.

ವಾಪಸಾದ ಮರುದಿನವೇ ಡಾಕ್ಟರ ಹತ್ತಿರ ಹೋಗಬೇಕು. ಏನು ಹೇಳಲಿ? ನೀವು ಬಡಾಯಿ ಕೊಚ್ಚುವುದು ನಮಗೆಲ್ಲ ಗೊತ್ತು ಮಾವ, ನಾವೇ ನಗುತ್ತೇವೆ. ಇದರಲ್ಲಿ ಮಾತ್ರ "ನನಗೆ ಗೊತ್ತಿಲ್ಲ" ಎಂದು ಒಂದು ಮಾತು ಬರೆಯಬಹುದಿತ್ತು.

ಗುಬ್ಬಿ


ಮಾರ್ಚ್ ೬

ಪ್ರೀತಿಯ ಮಾವ,

ಹಿಂದಿನ ಕಾಗದವನ್ನು ಓದಬೇಡಿ. ಓದಿದ್ದರೆ ಮರೆತುಬಿಡಿ. ಅಮ್ಮ ನಿದ್ದೆ ಮಾಡಿದಳು.

ಆದದ್ದು ಹೀಗೆ. ಮೊದಲ ದ್ವೀಪದಲ್ಲಿ ಒಬ್ಬರು ಇಳಿದುಹೋದರಂತೆ, ಅವರ ಒಂಟಿ ಮಂಚದ ಕ್ಯಾಬಿನ್ ಖಾಲಿಯಾಯಿತು. ಹಡಗಿನ ಮಧ್ಯದಲ್ಲಿದೆ, ಬಾಗಿಲು ಹಾಕಿದರೆ ಹತ್ತಿಯೊಳಗೆ ಕೂತ ಹಾಗೆ. ಕ್ಯಾಬಿನ್ ನೋಡಿಕೊಳ್ಳುವಾಕೆಯ ಕೈಕಾಲು ಹಿಡಿದು ಅದನ್ನು ಗಿಟ್ಟಿಸಿದೆ. ಓಡಿಬಂದು ಅಮ್ಮನ ಬಟ್ಟೆ ತುಂಬತೊಡಗಿದರೆ ಅವಳು ಮಂಚ ಬಿಟ್ಟು ಏಳಲಿಲ್ಲ.

"ನೀನು ಹೋಗು" ಎಂದಳು.

"ನಿದ್ದೆ ಬೇಕಾಗಿರೋದು ನಿನಗಮ್ಮ."

"ಅದಕ್ಕೇ ಹೇಳ್ತಿರೋದು. ನೀನು ಹೋಗು."

ಎಂದಿನಂತೆ ಒಳ್ಳೆಯದನ್ನು ನನಗೆ ಬಿಟ್ಟುಕೊಡುತ್ತಿದ್ದಾಳೆ ಎಂದು ನನಗೆ ಅಳು ಬಂತು. ಎಷ್ಟು ವಾದಿಸಿದರೂ ಕೇಳಲಿಲ್ಲ. ಕೊನೆಗೆ ನನ್ನ ದಿಂಬನ್ನು ಅವಳೇ ಎತ್ತಿ ಓಣಿಗೆ ಇಟ್ಟಳು. ಹೋದೆ. ಆ ಹತ್ತಿಯ ಗೂಡಿನಲ್ಲಿ ನನಗೆ ರೆಪ್ಪೆ ಅಂಟಲಿಲ್ಲ ಅನ್ನುವುದು ಬೇರೆ ಮಾತು. ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿದೆ. ಆ ಹೊತ್ತು ನಾನು ಏನೇನು ನೆನೆಸಿಕೊಂಡೆ ಎಂದು ಬರೆಯಲಾರೆ. ಕ್ಯಾಬಿನ್ ನೋಡಿಕೊಳ್ಳುವಾಕೆ ಬೀಗದ ಕೈ ತಂದು ತೆಗೆದಳು. ಅಮ್ಮ ಗೋಡೆಯ ಕಡೆ ತಿರುಗಿ, ಬಾಯಿ ಸ್ವಲ್ಪ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದಳು. ತಿಂಡಿಯ ಹೊತ್ತು ಮೀರಿದರೂ ಏಳಲಿಲ್ಲ. ನಿನ್ನೆ ರಾತ್ರಿಯೂ ಹಾಗೇ.

ಡಾಕ್ಟರಿಗೇ ತಿಳಿದಿರಲಿಲ್ಲ ಮಾವ. ಅವಳಿಗೆ ಬೇಕಾದದ್ದು ಮೌನವಲ್ಲ, ಇಂಜಿನ್ನು. ಹದವಾಗಿ ಗುಡುಗುಡು ಅನ್ನುವಂಥದ್ದು. ಊರಿಗೆ ಹೋದ ಕೂಡಲೇ ಅವಳ ಕೋಣೆಗೆ ಒಂದು ಹಳೆಯ ಗದ್ದಲದ ಫ್ಯಾನು ಹಾಕಿಸುತ್ತೇನೆ. ಆಗ ಮನೆಯಲ್ಲೂ ನಿದ್ದೆ ಬರುತ್ತದೆ, ಗುಳಿಗೆಯ ಮಾತೇ ಇಲ್ಲ.

ನೀವು ಗೊತ್ತಿದ್ದೇ ನಾಲ್ಕು ಹೇಳಿದಿರೋ, ಗೊತ್ತಿಲ್ಲದೆಯೋ?

ಗುಬ್ಬಿ


ಮಾರ್ಚ್ ೧೧

ಗುಬ್ಬಿ ರಾಣಿಗೆ,

ಗೊತ್ತಿದ್ದೇ. ಇನ್ನೇನು?

ನಿನ್ನ ಎರಡೂ ಕಾಗದ ಒಟ್ಟಿಗೇ ಬಂದವು. ಮೊದಲನೆಯದನ್ನು ಓದಿ ಆ ಹೊತ್ತು ಊಟ ಬಿಟ್ಟೆ. ಎರಡನೆಯದನ್ನು ಓದಿ ಎರಡು ಹೊತ್ತಿನದನ್ನು ಒಟ್ಟಿಗೇ ಮುಗಿಸಿದೆ. ಮನೆಗೆ ಬಂದರೆ ನನ್ನದೊಂದು ಹಳೆಯ ಕಾಗದ ಬಾಗಿಲ ಸಂದಿಯಲ್ಲಿ ಸಿಕ್ಕಿರಬಹುದು, "ನಾಲ್ಕು ಬೇಡ" ಅಂತ ಏನೋ. ಅದು ನಿನ್ನ ಧೈರ್ಯ ಪರೀಕ್ಷಿಸಲು ಬರೆದದ್ದು. ಲೆಕ್ಕಕ್ಕಿಲ್ಲ.

ನದಿ ಕಟ್ಟೆಯ ಚಹಾದಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಡಾಕ್ಟರು ಸೋತಲ್ಲಿ ಲಾಂಚಿನವನು ಗೆದ್ದ ಎಂದು ಅಂಗಡಿಯವನು ಬಿಟ್ಟಿ ಚಹಾ ಕೊಟ್ಟ. ಇನ್ನಿಬ್ಬರು ತಮ್ಮ ಮನೆಯವರಿಗೂ ನಿದ್ದೆ ಇಲ್ಲ, ಏನು ಮಾಡೋಣ ಎಂದು ಕೇಳಲು ಈ ವಾರ ಬರುತ್ತಾರೆ. ಅತ್ತೆ ಮಾತ್ರ ನಿನ್ನ ಕಾಗದಗಳನ್ನು ತಿರುವಿ ಮುರುವಿ ನೋಡಿ, ಮಡಿಸಿ ಪಕ್ಕಕ್ಕಿಟ್ಟಳು. ಸೋಲು ಒಪ್ಪಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ.

ಫ್ಯಾನು ದೊಡ್ಡದೇ ಹಾಕಿಸು.

ನಿನ್ನ ಮಾವ, ನಿದ್ರಾ ತಜ್ಞ


ಮಾರ್ಚ್ ೧೪

ಗುಬ್ಬಿ,

ಹಿಂದಿನ ಕಾಗದ ಹರಿದುಹಾಕು. ಫ್ಯಾನು ತರಬೇಡ.

ಇವತ್ತು ಚಹಾದಂಗಡಿಯಲ್ಲಿ ಕೇಳಲು ಬಂದವರಿಗೆ ನಿನ್ನ ಕಾಗದ ಮತ್ತೆ ಓದುತ್ತಿದ್ದೆ. ಈ ಸಲ ಎರಡನ್ನೂ ಮೊದಲಿನಿಂದ ಓದಿದೆ. ನಡುವೆ ನಾಲಿಗೆ ನಿಂತಿತು. ಮೊದಲೆರಡು ರಾತ್ರಿಯೂ ಅದೇ ಕ್ಯಾಬಿನ್, ಅದೇ ಮಂಚ, ಅದೇ ಇಂಜಿನ್ನು. ಆಗ ಅಕ್ಕನಿಗೆ ನಿದ್ದೆ ಬರಲಿಲ್ಲ. ಆಮೇಲೆ ಬಂತು. ಇಂಜಿನ್ನೇನೂ ಬದಲಾಗಲಿಲ್ಲವಲ್ಲ.

ಬದಲಾದದ್ದು ಒಂದೇ. ನೀನು ಅಲ್ಲಿರಲಿಲ್ಲ.

ಈ ಸಾಲು ಬರೆದು ಪೆನ್ನು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಬಂದೆ. ಅದನ್ನು ಹೊಡೆದುಹಾಕೋಣ ಅನ್ನಿಸಿತು. ಇಂಜಿನ್ನೇ ಕಾರಣ ಎಂದಾದರೆ ನನಗೂ ಲಾಭ; ಊರಿಡೀ ಹೇಳಿಕೊಂಡು ಬಂದಿದ್ದೇನೆ. ಆದರೆ ನೀನು ಫ್ಯಾನು ಹಾಕುತ್ತೀಯ, ಅವಳಿಗೆ ನಿದ್ದೆ ಬರುವುದಿಲ್ಲ, ಆಗ ಗುಳಿಗೆ ಬರುತ್ತದೆ.

ಹೋದ ವರ್ಷ ನನಗೆ ಜ್ವರ ಬಂದು ಮಲಗಿದ್ದಾಗ ನಿನ್ನ ಅತ್ತೆ ರಾತ್ರಿಯೆಲ್ಲ ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ನಾನು ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿರುತ್ತಿದ್ದೆ. ಅವಳು ನೋಡಿ ಹೋದ ಮೇಲೆ ಇನ್ನೇನು ಕಣ್ಣು ಹತ್ತಬೇಕು, ಮತ್ತೆ ಬರುತ್ತಾಳಲ್ಲ ಎಂದು ಕಾಯುವುದು. ಕಿವುಡನಿಗೇ ಅವಳ ಹೆಜ್ಜೆ ಗೊತ್ತಾಗುತ್ತಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ಪಾಪ, ಹೆದರಿದ್ದಾಳೆ ಎಂದು ಸುಮ್ಮನಿದ್ದೆ. ಅಕ್ಕನೂ ಹಾಗೇ ಸುಮ್ಮನಿದ್ದಾಳೆ ಎಂದು ನನಗೆ ಕಾಣುತ್ತದೆ.

ಭಾವ ನಿದ್ದೆಯಲ್ಲೇ ಹೋದರು. ನೀನು ಪಕ್ಕದ ಕೋಣೆಯಲ್ಲಿದ್ದೆ. ಎದ್ದು ಹೋಗಿ ನೋಡಿದ್ದರೆ ಎಂದು ನೀನು ಒಮ್ಮೆಯೂ ಬಾಯಿಬಿಟ್ಟು ಅಂದಿಲ್ಲ. ಆದರೆ ಅಂದಿನಿಂದ ಪ್ರತಿ ರಾತ್ರಿ ಎದ್ದು ಹೋಗಿ ನೋಡುತ್ತಿದ್ದೀಯ. ನೋಡಿದ್ದರೆ ಏನೂ ಆಗುತ್ತಿರಲಿಲ್ಲ ಮಗೂ. ನೋಡುವುದರಿಂದ ಯಾರೂ ಉಳಿಯುವುದಿಲ್ಲ.

ನಾನು ತಪ್ಪಾಗಿದ್ದರೆ ಬೈದು ಬರೆ. ಈ ಸಲ ನನಗೆ ಗೊತ್ತಿಲ್ಲ ಎಂದೇ ಬರೆಯುತ್ತಿದ್ದೇನೆ. ಅಕ್ಕನನ್ನೇ ಕೇಳು.

ಮಾವ


ಮಾರ್ಚ್ ೩೦

ಗುಬ್ಬಿ,

ನಿನ್ನ ಕಾಗದವಿಲ್ಲ. ಟಪಾಲಿನವನು ಸೈಕಲ್ ಇಳಿಯುವ ಮೊದಲೇ ನಾನು ಗೇಟಿನಲ್ಲಿರುತ್ತೇನೆ. ನನ್ನ ಮುಖ ನೋಡಿ ಅವನೇ ತಲೆತಗ್ಗಿಸಿಕೊಂಡು ಹೋಗುತ್ತಾನೆ.

ಅತ್ತೆ ಫೋನ್ ಮಾಡಿದ್ದಕ್ಕೆ "ಎಲ್ಲಾ ಸರಿ ಇದೆ ಅತ್ತೆ" ಎಂದು ಇಟ್ಟೆಯಂತೆ. ಏನು ಸರಿ ಇದೆ? ಡಾಕ್ಟರು ಏನೆಂದರು? ಚಹಾದಂಗಡಿಗೆ ನಾನು ಹೋಗುತ್ತಿಲ್ಲ. ಬರೆಯಬಾರದ್ದನ್ನು ಬರೆದೆನೇ? ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಬರೆ. ಎರಡು ಸಾಲು ಸಾಕು. ಅಕ್ಷರ ನೋಡಿದರೆ ನೀನು ಹೇಗಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ.

ಮಾವ


ಏಪ್ರಿಲ್ ೮, ಬೆಳಿಗ್ಗೆ

ಪ್ರೀತಿಯ ಮಾವ,

ಸಿಟ್ಟು ಬಂದಿತ್ತು. ಹದಿನೈದು ದಿನ ಇತ್ತು. ನಿಮ್ಮ ಕಾಗದವನ್ನು ಹರಿದು, ಆಮೇಲೆ ಅಂಟಿಸಿ, ಮತ್ತೆ ಓದಿದೆ. ಫ್ಯಾನು ತರಲಿಲ್ಲ, ಅಮ್ಮನನ್ನು ಕೇಳಲೂ ಇಲ್ಲ. ಕೇಳಿದರೆ ಅವಳು ಹಾಗೇನಿಲ್ಲ ಎನ್ನುತ್ತಾಳೆಂದು ಗೊತ್ತಿತ್ತು. ಬದಲಿಗೆ ಬಡಗಿಯನ್ನು ಕರೆಸಿ ಅವಳ ಕೋಣೆಯ ಬಾಗಿಲಿಗೆ ಒಂದು ಚಿಲಕ ಹಾಕಿಸಿದೆ. "ಒಳಗಡೆಗಾ, ಹೊರಗಡೆಗಾ?" ಎಂದು ಕೇಳಿದ. ಒಳಗಡೆಗೆ ಎಂದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಅನ್ನಲಿಲ್ಲ ಮಾವ. ಅದೇ ಉತ್ತರವಾಯಿತು.

ಡಾಕ್ಟರು ಚೀಟಿ ಬರೆದಿಲ್ಲ. ಹಡಗಿನಲ್ಲಿ ನಿದ್ದೆ ಬಂತಲ್ಲ, ಮನೆಯಲ್ಲೂ ಬರುತ್ತದೋ ನೋಡೋಣ, ಈ ತಿಂಗಳ ಕೊನೆಗೆ ಬನ್ನಿ ಎಂದಿದ್ದಾರೆ.

ಚಿಲಕ ಹಾಕಿ ಮಲಗಿದ್ದು ನಿನ್ನೆಯೇ ಮೊದಲು. ಈಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿದೆ. ಬಾಗಿಲು ಇನ್ನೂ ತೆರೆದಿಲ್ಲ. ನಾನು ಎದುರಿನ ಮೇಜಿನ ಬಳಿ ಕೂತಿದ್ದೇನೆ. ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ತಟ್ಟಲಿಲ್ಲ. ಕೈ ಬರೆಯುತ್ತಿದ್ದರೆ ತಟ್ಟಲಾಗುವುದಿಲ್ಲ ಎಂದು ನಿಮಗೆ ಬರೆಯುತ್ತಿದ್ದೇನೆ, ಬರೆಯಲು ಬೇರೆ ಏನೂ ಇಲ್ಲ. ಅಂಗಡಿಗೆ ರಜೆ. ಬೀದಿಯಲ್ಲಿ ಯಾರೋ ಕಾರು ತೊಳೆಯುತ್ತಿದ್ದಾರೆ. ನೀರಿನ ಪೈಪು ಇಷ್ಟು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ. 'ನೋಡುವುದರಿಂದ ಯಾರೂ ಉಳಿಯುವುದಿಲ್ಲ' ಎಂದು ಬರೆದಿರಿ. ಬರೆಯುವುದು ಸುಲಭ ಮಾವ. ಈ ಹಾಳೆ ಮುಗಿಯುವವರೆಗೆ ಕಾಯುತ್ತೇನೆ. ಮುಗಿದರೆ ಇನ್ನೊಂದು ಹಾಳೆ ತೆಗೆಯುತ್ತೇನೆ. ಅದೂ ಮುಗಿದರೆ

ಚಿಲಕ ಸರಿಯಿತು.

ಬಂದಿದ್ದಾಳೆ. ಕೂದಲು ಕೆದರಿದೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿದೆ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು.

"ನೀನು ನಿದ್ದೆ ಮಾಡಿದ್ಯಾ?"

"ಇಲ್ಲಮ್ಮ."

"ಹೋಗು, ಈಗ ಮಲಕ್ಕೋ. ನಾನೇನೂ ಬಂದು ಇಣುಕಿ ನೋಡಲ್ಲ."